ಅಜ್ಜಾವರದವರು ಉಳಿಸಿಕೊಂಡ ಮೇಷ್ಟ್ರು

ಮೊದಲ ದಿನ ತರಗತಿಯಲ್ಲಿ ಒಂದೊಂದಾಗಿ ಹೆಸರು ಕೇಳಿದರೆ ಮಕ್ಕಳು ಮುಖ ಮುಖ ನೋಡಿಕೊಂಡು ನಕ್ಕರು. ಒಬ್ಬನ ಮನೆಮಾತು ತುಳು, ಪಕ್ಕದವನದು ಅರೆಭಾಷೆ, ಕಿಟಕಿಯ ಬಳಿ ಕೂತ ಹುಡುಗಿಯರದು ಬ್ಯಾರಿ. ಕನ್ನಡ ಪುಸ್ತಕದಲ್ಲಿತ್ತು, ಅಷ್ಟೆ. ರಾಜ್ಯ ಒಂದಾದ ಹೊಸತರಲ್ಲಿ ಮಂಡ್ಯ ಸೀಮೆಯಿಂದ ಘಟ್ಟದ ಕೆಳಗಿನ ಅಜ್ಜಾವರಕ್ಕೆ ಮೇಷ್ಟ್ರಾಗಿ ವರ್ಗವಾಗಿ ಬಂದ ನಾನು, ಕನ್ನಡದ ಊರಲ್ಲೇ ಪರದೇಶಿಯ ಹಾಗೆ ನಿಂತಿದ್ದೆ.

ಮುದ್ದೆ ನುಂಗಿ ಬೆಳೆದ ಗಂಟಲಿಗೆ ಕುಚ್ಚಲಕ್ಕಿ ಗಂಜಿ ಒಗ್ಗಲು ಒಂದು ಮಳೆಗಾಲವೇ ಬೇಕಾಯಿತು. ನಮ್ಮಲ್ಲಿ ಮನೆಗೆ ಬಂದ ನೆಂಟರಿಗೆ ಒಂದು ಚೊಂಬು ನೀರು. ಇಲ್ಲಿ ನೀರಿನ ಜೊತೆ ಬೆಲ್ಲದ ತುಂಡೂ ಉಂಟು. ಸುಬ್ಬಪ್ಪ ಗೌಡರು ತಮ್ಮ ಜಗಲಿಗೆ ತಾಗಿದ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ಬಾಡಿಗೆಯ ಮಾತೆತ್ತಿದರೆ ಬೈದರು. ಅಲ್ಲಿ ಒಬ್ಬ ಮಲಗಬಹುದು, ಸಂಸಾರ ಹೂಡಲಾಗದು. ಹೆಂಡತಿ, ಮಗಳು ಊರಲ್ಲೇ ಉಳಿದರು.

ನನ್ನ ಜೊತೆ ತರಬೇತಿ ಮುಗಿಸಿದವರು ಒಬ್ಬೊಬ್ಬರಾಗಿ ಹೆಡ್‌ಮಾಸ್ಟರರಾದರು. ನಾನು ಮಾತ್ರ ವರ್ಷ ವರ್ಷವೂ ಒಂದನೇ ತರಗತಿಯ 'ಅ ಆ' ತಿದ್ದಿಸುತ್ತಿದ್ದೆ. ಕೊನೆಗೂ ನೆಲ್ಯಾಡಿ ಕಡೆಯ ಶಾಲೆಗೆ ಬಡ್ತಿ ಬಂತು. ಹೆಡ್‌ಮಾಸ್ಟರರಿಗೆ ಶಾಲೆಯ ಪಕ್ಕದಲ್ಲೇ ಮನೆ! ಮಗಳನ್ನು ಕರೆತಂದು ನನ್ನ ಕಣ್ಣೆದುರೇ ಓದಿಸಬಹುದು. ಕುಣಿಯುವಷ್ಟು ಸಂತೋಷವಾಯಿತು. ಆದರೆ ಇಷ್ಟು ಕಾಲ ಅನ್ನ ಹಾಕಿದವರ ಮುಂದೆ ಹಲ್ಲು ಕಿರಿಯುವುದು ಹೇಗೆ? ತಲೆ ತಗ್ಗಿಸಿ, "ವರ್ಗವಾಗಿದೆ" ಎಂದಷ್ಟೇ ಗೌಡರಿಗೆ ಹೇಳಿದೆ.

ಹಿಂದಿನ ಇಬ್ಬರು ಮೇಷ್ಟ್ರುಗಳನ್ನು ಯಾರದೋ ದೂರಿನ ಮೇಲೆ ಎತ್ತಂಗಡಿ ಮಾಡಿದ್ದರಂತೆ. ಹಾಗಾಗಿ ಈ ಊರಿನವರ ಲೆಕ್ಕದಲ್ಲಿ ಮೇಷ್ಟ್ರಿಗೆ ವರ್ಗವೆಂದರೆ ಶಿಕ್ಷೆ. ಮರುದಿನ ಗೌಡರೂ ಅಂಗಡಿಯ ಅದ್ರಾಮ ಬ್ಯಾರಿಗಳೂ ನನಗೆ ಸುಳಿವು ಕೊಡದೆ ಪುತ್ತೂರಿಗೆ ಹೋಗಿ, ಶಿಕ್ಷಣ ಇಲಾಖೆಯ ಸಾಹೇಬರನ್ನು ಕಂಡು, ಸಂಜೆ ನಗುನಗುತ್ತಾ ಜಗಲಿ ಏರಿದರು.

"ಮಾಷ್ಟ್ರೆ, ಇನ್ನು ಹೆದರುದು ಬೇಡ. ಆರ್ಡರು ರದ್ದು!" ಎಂದರು ಗೌಡರು.

"ಸಾಹೇಬ್ರು ಬಡ್ತಿ ಗಿಡ್ತಿ ಅಂತ ಎಂತದೋ ಹೇಳಿದ್ರು," ಎಂದರು ಅದ್ರಾಮ ಬ್ಯಾರಿಗಳು. "ಹಾಗೆ ಹೇಳಿಯೇ ಎಬ್ಬಿಸುದಲ್ವಾ ಮಾರಾಯ್ರೆ? ಮಾಷ್ಟ್ರಿಗೆ ಅದು ಬೇಡವೇ ಬೇಡ, ಪಾಪ, ಮುಖ ಸಣ್ಣ ಮಾಡಿ ಕೂತಿದ್ದಾರೆ ಅಂತ ನಾನೇ ಹೇಳಿದೆ."

ಇಬ್ಬರ ಅಂಗಿಯೂ ಬೆವರಿನಿಂದ ಒದ್ದೆಯಾಗಿತ್ತು. ಗೌಡರ ಹೆಂಡತಿ ಖುಷಿಯಿಂದ ಎಲ್ಲರಿಗೂ ಬೆಲ್ಲ, ನೀರು ತಂದಿಟ್ಟರು. ಇಂಥವರಿಗೆ ಏನೆಂದು ಹೇಳಲಿ? ನಾಲ್ಕು ದಿನ ಬಿಟ್ಟು ನಾನೇ ಪುತ್ತೂರಿಗೆ ಹೋಗಿ ಕೈಮುಗಿದೆ. ಆ ಜಾಗಕ್ಕೆ ಆಗಲೇ ಬೇರೊಬ್ಬರು ಬಂದಿದ್ದರು. ಒಮ್ಮೆ ಬೇಡವೆಂದವರ ಸರದಿ ಮತ್ತೆ ಎಲ್ಲರಿಗಿಂತ ಕೊನೆಗಂತೆ. ಅದು ಇನ್ನೂ ಬಂದಿಲ್ಲ. ಬರುತ್ತದೆಂಬ ಆಸೆಯೂ ಈಗ ಇಲ್ಲ.

ಈಗ ರಜೆಗೆ ಹೊರಟರೆ ಅಜ್ಜಾವರದ ಮಕ್ಕಳು ಬಸ್ಸಿನವರೆಗೂ ಬಂದು, "ಮಾಷ್ಟ್ರೆ, ವಾಪಸು ಯಾವಾಗ ಬರುದು?" ಎನ್ನುತ್ತಾರೆ. ಊರು ಸೇರಿದರೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ, ಮಾತಿನ ನಡುವೆ ಅಜ್ಜಾವರದ 'ಎಂತ' ನುಸುಳುತ್ತದೆ. ಮಗಳು ಬಾಗಿಲಿಗೆ ನೀರಿನ ಚೊಂಬು ತಂದುಕೊಟ್ಟು, ನೆಂಟರನ್ನು ಕೇಳುವ ಹಾಗೆ ಕೇಳುತ್ತಾಳೆ: "ಅಪ್ಪ, ಯಾವತ್ತು ಹೋಯ್ತೀಯ?"