ಇಂಜಿನ್ ಬಿಚ್ಚುವುದು ಬೇಡ

ಬೈಕು ನನ್ನದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನೋಡಿದವರೆಲ್ಲ ಅದು ನನ್ನ ಗಂಡನದ್ದೆಂದೇ ತಿಳಿಯುತ್ತಾರೆ. ಮಣಿಪಾಲದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ ವರ್ಷ, ಮದುವೆಗೆ ಮುಂಚೆ, ಬೆಳ್ಮಣ್ಣಿನ ನಿವೃತ್ತ ಮಾಸ್ತರರೊಬ್ಬರಿಂದ ಅದನ್ನು ಕೊಂಡಿದ್ದೆ. ಆಗಲೇ ಅದು ಹಳೆಯದು. ಕಿಕ್ ಹೊಡೆದೇ ಶುರು ಮಾಡಬೇಕು, ಬೆಳಿಗ್ಗೆ ಸ್ವಲ್ಪ ಹಟ ಮಾಡುತ್ತದೆ. ಶುರುವಾಯಿತೆಂದರೆ ಮಾತ್ರ ಎಂಥ ಏರಿನಲ್ಲೂ ಸೋಲುವುದಿಲ್ಲ. ಮದುವೆಯಾಗಿ ಎರ್ಮಾಳಿಗೆ ಬಂದಾಗ ಬಟ್ಟೆಬರೆಯ ಜೊತೆ ಅದೂ ಬಂತು. ಅಂದಿನಿಂದ ಬೆಳಿಗ್ಗೆ ಕಾಪು ದಾಟಿ, ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು, ಅಲೆವೂರಿನ ಒಳರಸ್ತೆ ಹಿಡಿದು ಮಣಿಪಾಲಕ್ಕೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ಬರುವುದು ನನ್ನ ಅಭ್ಯಾಸ.

ಮಗಳು ಹುಟ್ಟಿದಾಗ ಕೆಲವು ತಿಂಗಳು ರಜೆಯಲ್ಲಿದ್ದೆ. ಬೈಕು ಮನೆಯ ಹಿಂದಿನ ಶೀಟು ಹೊದಿಸಿದ ಮಾಡಿನಡಿ ಸುಮ್ಮನೆ ನಿಂತಿತ್ತು. ರಜೆ ಮುಗಿದು ಮತ್ತೆ ಓಡಿಸಲು ಶುರು ಮಾಡಿದ ವಾರದಲ್ಲೇ ಇಂಜಿನಿನಿಂದ ಆಯಿಲ್ ಸೋರತೊಡಗಿತು. ಮೊದಲು ಹನಿ ಹನಿಯಾಗಿ, ಆಮೇಲೆ ನಿಲ್ಲಿಸಿದಲ್ಲೆಲ್ಲ ತಟ್ಟೆಯಷ್ಟಗಲ ಕಲೆಯಾಗುವಷ್ಟು. ಒಂದು ಬೆಳಿಗ್ಗೆ ಆಸ್ಪತ್ರೆಯ ಪಾರ್ಕಿಂಗ್ ನೋಡಿಕೊಳ್ಳುವವರು ನನ್ನನ್ನು ತಡೆದರು.

"ಮೇಡಂ, ನಿಮ್ಮ ಗಾಡಿಯ ಅಡಿಯಲ್ಲಿ ಆಯಿಲ್ ಉಂಟು. ಯಾರಾದರೂ ಜಾರಿ ಬಿದ್ದರೆ ನನ್ನನ್ನು ಕೇಳುತ್ತಾರೆ. ಆ ಕಟ್ಟಡ ಕೆಲಸದ ಹತ್ತಿರ ಮರಳಿನಲ್ಲಿ ಇಟ್ಟರೆ ಒಳ್ಳೆಯದಿತ್ತು."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ಸಿಮೆಂಟು ಚೀಲಗಳ ನಡುವೆ ನನ್ನ ಬೈಕನ್ನು ನಿಲ್ಲಿಸಿ ನಡೆದು ಬರುವಾಗ, ಸಭೆಯಲ್ಲಿ ಎದ್ದು ಹೊರಗೆ ಹೋಗು ಎಂದು ಹೇಳಿಸಿಕೊಂಡ ಹಾಗಾಯಿತು.

ಆಗ ಮಳೆಗಾಲದ ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ಮಲ್ಪೆಯಲ್ಲಿ ಕಟ್ಟಿಕೊಂಡಿದ್ದವು. ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುವ ನನ್ನ ಗಂಡ ಮನೆಯಲ್ಲೇ ಇದ್ದರು. ಇಬ್ಬರೂ ಸೇರಿ ಕಾಪುವಿನ ಮೆಕ್ಯಾನಿಕ್ಕರ ಹತ್ತಿರ ಹೋದೆವು. ವಯಸ್ಸಾದವರು, ಮೋಸವಿಲ್ಲದ ಮನುಷ್ಯ. ಇಂಜಿನಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ, ನನ್ನ ಗಂಡನಿಗೆ ಹೇಳಿದರು:

"ಕೆಳಗಿನ ಜಾಯಿಂಟಿನಲ್ಲಿ ಪ್ಯಾಕಿಂಗ್ ಹೋಗಿದೆ. ಇಂಜಿನ್ ಇಳಿಸಿ ಎರಡು ಹೋಳು ಮಾಡಬೇಕು. ಬೇರೆ ದಾರಿ ಇಲ್ಲ."

"ಮಾಡುವ," ಎಂದರು ಗಂಡ. "ನಾವು ಬೋಟಿನದ್ದು ಪ್ರತಿ ಮಳೆಗಾಲ ಬಿಚ್ಚುತ್ತೇವಲ್ಲ."

"ಬಿಚ್ಚಿದರೆ ಮೊದಲಿನ ಹಾಗೆ ಕೂರುತ್ತದಾ?" ಎಂದು ನಾನು ಕೇಳಿದೆ.

ಮೆಕ್ಯಾನಿಕ್ ಈಗ ನನ್ನ ಕಡೆ ತಿರುಗಿದರು. "ಅದು ಹೇಳಲಿಕ್ಕೆ ಆಗುವುದಿಲ್ಲ ಅಕ್ಕ. ಹಳೆಯ ಅಲ್ಯೂಮಿನಿಯಂ. ಬೋಲ್ಟ್ ತೆಗೆಯುವಾಗ ಒಳಗಿನ ಥ್ರೆಡ್ಡೇ ಕಿತ್ತು ಬರಬಹುದು. ಒಳಗಿನ ಸಾಮಾನು ಈಗ ಸಿಗುವುದೂ ಕಷ್ಟ."

"ಹಾಗಾದರೆ ಈಗ ಬೇಡ ಅಣ್ಣ. ಯೋಚನೆ ಮಾಡಿ ಬರುತ್ತೇವೆ."

ಮನೆಗೆ ಬಂದು ಚಹಾ ಕುಡಿಯುವಾಗ ಗಂಡ ಕೇಳಿದರು, "ಯೋಚನೆ ಮಾಡಲಿಕ್ಕೆ ಎಂತ ಉಂಟು? ಸೋರುವುದು ಕಣ್ಣಿಗೆ ಕಾಣುತ್ತದಲ್ಲ."

"ಹನಿ ಬೀಳುವ ಜಾಗ ಕಾಣುತ್ತದೆ," ಎಂದೆ. "ಸೋರುವ ಜಾಗ ಅದೇ ಅಂತ ಯಾರು ಹೇಳಿದರು?"

ಲ್ಯಾಬಿನಲ್ಲಿ ನನಗೆ ಅಂಟಿಕೊಂಡ ಬುದ್ಧಿ ಅದು. ಮಾದರಿಯಲ್ಲಿ ಏನಾದರೂ ವಿಚಿತ್ರ ಕಂಡರೆ ಮೊದಲು ಗಾಜನ್ನು ತೊಳೆದು ಇನ್ನೊಮ್ಮೆ ನೋಡುತ್ತೇವೆ. ಇಂಜಿನಿನ ಆ ಪಕ್ಕವಂತೂ ಪೂರ್ತಿ ಒದ್ದೆಯಾಗಿ, ಮೇಲೆ ರಸ್ತೆಯ ಮಣ್ಣು ಮೆತ್ತಿಕೊಂಡು ಕಪ್ಪಾಗಿತ್ತು. ಅದರಲ್ಲಿ ಎಣ್ಣೆ ಎಲ್ಲಿಂದ ಹೊರಟಿತು ಎಂದು ಟಾರ್ಚಿನಲ್ಲಿ ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಮಳೆ ಹೊಳವಾದ ಒಂದು ಭಾನುವಾರ ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷು, ಬಟ್ಟೆ ಚೂರು ಇಟ್ಟುಕೊಂಡು ಕುಳಿತೆ. ಮಗಳು ಅತ್ತೆಯ ಮಡಿಲಿನಿಂದ ನೋಡುತ್ತಿದ್ದಳು. ಇಂಜಿನಿನ ಮೈಯನ್ನು ಮೂಲೆ ಮೂಲೆ ಬಿಡದೆ ಉಜ್ಜಿ, ಒರೆಸಿ, ಬಿಸಿಲಿಗೆ ಒಣಗಲು ಬಿಟ್ಟೆ. ಆಮೇಲೆ ಒಳಗೆ ಹೋಗಿ ಮಗಳ ಪೌಡರಿನ ಡಬ್ಬಿ ತಂದು ಇಂಜಿನಿಗೆ ಹಚ್ಚಿದೆ. ಬಾಗಿಲಲ್ಲಿ ನಿಂತಿದ್ದ ಗಂಡ ನಗು ತಡೆದುಕೊಳ್ಳಲು ಪ್ರಯತ್ನಿಸಿ ಸೋತರು.

"ಎಂತ ಮಾರಾಯ್ತಿ, ಇಂಜಿನಿಗೆ ಮೇಕಪ್ಪಾ?"

"ಬಿಳಿ ಪುಡಿಯ ಮೇಲೆ ಎಣ್ಣೆ ಹರಿದರೆ ಗೆರೆ ಕಾಣುತ್ತದೆ. ನೀವು ಕಿಕ್ ಹೊಡೆಯಿರಿ."

ರಸ್ತೆಗೆ ತೆಗೆದುಕೊಂಡು ಹೋಗಿದ್ದರೆ ಗಾಳಿಗೆ ಎಣ್ಣೆ ಎಲ್ಲ ಕಡೆ ಹರಡುತ್ತಿತ್ತು. ಅದಕ್ಕೇ ಸ್ಟ್ಯಾಂಡ್ ಹಾಕಿ ನಿಂತಲ್ಲೇ ಓಡಿಸಿದೆವು. ಇಬ್ಬರೂ ನೆಲಕ್ಕೆ ಬಾಗಿ ಕಾದೆವು. ಇಂಜಿನ್ ಬಿಸಿಯಾದ ಮೇಲೆ ಗೆರೆ ಮೂಡಿತು. ಅದು ಹೊರಟದ್ದು ಕೆಳಗಿನ ಜಾಯಿಂಟಿನಿಂದ ಅಲ್ಲ, ಮೇಲಿನಿಂದ. ಚೈನನ್ನು ತಿರುಗಿಸುವ ಸಣ್ಣ ಹಲ್ಲುಚಕ್ರದ ಹಿಂದಿನಿಂದ ಬಂದು, ಇಂಜಿನಿನ ಅಂಚು ಹಿಡಿದು ಇಳಿದು, ಜಾಯಿಂಟಿನ ಹತ್ತಿರ ಹನಿಯಾಗಿ ಬೀಳುತ್ತಿತ್ತು. ಜಾಯಿಂಟಿನ ಉಳಿದ ಭಾಗದ ಪೌಡರು ಹಾಕಿದ ಹಾಗೆಯೇ ಬೆಳ್ಳಗಿತ್ತು.

ಗಂಡ ಬೆರಳಿನಿಂದ ಆ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಹಿಂಬಾಲಿಸಿದರು. ಈಗ ಅವರ ಮುಖದಲ್ಲಿ ನಗು ಇರಲಿಲ್ಲ, ಉತ್ಸಾಹ ಇತ್ತು.

"ಆ ಚಕ್ರದ ಶಾಫ್ಟಿಗೆ ರಬ್ಬರಿನ ಸೀಲ್ ಉಂಟು. ಅದನ್ನು ಹೊರಗಿನಿಂದಲೇ ತೆಗೆಯಬಹುದು," ಎಂದರು. "ಇಂಜಿನ್ ಬಿಚ್ಚುವುದು ಬೇಡ."

ಉಡುಪಿಯ ಅಂಗಡಿಯೊಂದರಲ್ಲಿ ಅದೇ ಅಳತೆಯ ಸೀಲ್ ಸಿಕ್ಕಿತು. ಚೈನು ಬಿಚ್ಚಿ, ಹಲ್ಲುಚಕ್ರ ತೆಗೆದು, ಗಟ್ಟಿಯಾಗಿ ಬಿರುಕು ಬಿಟ್ಟಿದ್ದ ಹಳೆಯ ಸೀಲನ್ನು ಕಿತ್ತೆವು. ಹೊಸದನ್ನು ನೇರವಾಗಿ ಕೂರಿಸಲು ಅದರಷ್ಟೇ ಅಗಲದ ಪಿವಿಸಿ ಪೈಪಿನ ತುಂಡನ್ನು ಒತ್ತಿ ಹಿಡಿದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆವು. ಸೋರಿಕೆ ನಿಂತಿತು. ಎರಡು ದಿನ ನಾನು ಪಾರ್ಕಿಂಗಿನ ಒಳಗೇ ಗಾಡಿ ಇಟ್ಟೆ.

ಮೂರನೆಯ ದಿನ ಮತ್ತೆ ಹನಿ ಬಿತ್ತು.

ಆ ಸಂಜೆ ನನಗೆ ಊಟ ಸೇರಲಿಲ್ಲ. ಸೋತದ್ದಕ್ಕಿಂತ ಹೆಚ್ಚಾಗಿ, ಕಣ್ಣಾರೆ ಕಂಡದ್ದು ಸುಳ್ಳಾಯಿತಲ್ಲ ಎಂಬ ಸಂಕಟ. ಗಂಡ ಚುಚ್ಚಿ ಮಾತಾಡಲಿಲ್ಲ. "ನಾಳೆ ಕಾಪುವಿಗೆ ಕೊಂಡುಹೋಗುವ. ಬಿಚ್ಚಲಿ," ಎಂದರು ಅಷ್ಟೇ. ನಾನೂ ಹೆಚ್ಚುಕಡಿಮೆ ಒಪ್ಪಿದ್ದೆ.

ಬೆಳಿಗ್ಗೆ ಹೊರಡುವ ಮುಂಚೆ, ದಾರಿಯಲ್ಲಿ ಆಯಿಲ್ ಕಡಿಮೆಯಾಗಬಾರದೆಂದು ಅಳತೆ ನೋಡಲು ಹೊರಟೆ. ಇಂಜಿನನ್ನು ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ, ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿದೆ. ಪ್ರೆಶರ್ ಕುಕ್ಕರಿನ ತೂಕ ಎತ್ತಿದ ಹಾಗೆ ಉಸ್ ಎಂದು ಗಾಳಿ ಹೊರಗೆ ಬಂತು, ಜೊತೆಗೆ ನಾಲ್ಕು ಹನಿ ಎಣ್ಣೆ ನನ್ನ ಕೈಗೆ ಸಿಡಿಯಿತು. ಅಂಗಳದ ಇನ್ನೊಂದು ತುದಿಯಲ್ಲಿ ಮುಖ ತೊಳೆಯುತ್ತಿದ್ದ ಗಂಡನಿಗೂ ಆ ಸದ್ದು ಕೇಳಿಸಿತು.

"ಅದೆಂತ ಶಬ್ದ? ಇನ್ನೊಮ್ಮೆ ಮಾಡು," ಎನ್ನುತ್ತ ಒದ್ದೆ ಮುಖದಲ್ಲೇ ಬಂದರು. ಇನ್ನೊಮ್ಮೆ ಮಾಡಿದೆವು. ಮತ್ತೆ ಉಸ್.

"ಇಂಜಿನಿಗೆ ಉಸಿರು ಕಟ್ಟಿದೆ," ಎಂದರು ಅವರು. "ಬೋಟಿನಲ್ಲೂ ಹೀಗೆ ಆಗುತ್ತದೆ. ಒಳಗಿನ ಗಾಳಿ ಹೊರಗೆ ಹೋಗಲಿಕ್ಕೆ ಒಂದು ಪೈಪ್ ಇರುತ್ತದೆ. ಅದು ಬಂದಾದರೆ ಗಾಳಿ ಎಣ್ಣೆಯನ್ನು ದೂಡುತ್ತದೆ. ಹೊಸ ಸೀಲ್ ಎಂತ ಮಾಡುವುದು, ಪಾಪ."

ಪೈಪನ್ನು ಹುಡುಕಲು ಇಬ್ಬರೂ ಎರಡು ಕಡೆಯಿಂದ ತಲೆ ಹಾಕಿದೆವು. ಇಂಜಿನಿನ ಮೇಲಿನಿಂದ ಹೊರಟು ಸೀಟಿನ ಅಡಿಯಲ್ಲಿ ಹಾದು ಹಿಂದೆ ಇಳಿಯುವ ಬೆರಳುಗಾತ್ರದ ರಬ್ಬರ್ ಪೈಪು. ಕಳಚಿ ಊದಿದೆ. ಗಾಳಿ ಹೋಗಲಿಲ್ಲ. ಚಾಕುವಿನಿಂದ ಉದ್ದಕ್ಕೆ ಸೀಳಿದಾಗ ಒಳಗಿನಿಂದ ಗಟ್ಟಿ ಮಣ್ಣಿನ ಬಿರಡೆ ಉದುರಿತು. ಮಣ್ಣು ತಂದು ಗೂಡು ಕಟ್ಟುವ ಕಣಜ, ಬೈಕು ನಿಂತಿದ್ದ ತಿಂಗಳುಗಳಲ್ಲಿ ಅಲ್ಲಿ ಸಂಸಾರ ಹೂಡಿತ್ತು. ನಾನು ಹೆರಿಗೆ ರಜೆಯಲ್ಲಿದ್ದಾಗ ಅದೂ ಮರಿ ಮಾಡಿಕೊಂಡು ಹೋಗಿತ್ತು. ಇಬ್ಬರೂ ಅಂಗಳದಲ್ಲೇ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಏನಾಯಿತೆಂದು ಅತ್ತೆ ಒಳಗಿನಿಂದ ಬಂದು ನೋಡಿ, ಅರ್ಥವಾಗದೆ ವಾಪಸು ಹೋದರು.

ಹೊಸ ಪೈಪ್ ಹಾಕಿದೆವು. ಗಾಳಿಯ ಒತ್ತಡಕ್ಕೆ ಅಂಚು ಹಾಳಾಗಿದ್ದ ಸೀಲನ್ನೂ ಮತ್ತೆ ಬದಲಿಸಿದೆವು. ಈ ಸಲ ಸುತ್ತಿಗೆ ನನ್ನ ಕೈಯಲ್ಲಿತ್ತು.

ಸರಿಯಾಗಿದೆಯೇ ಎಂದು ತಿಳಿಯಲು ಮಣಿಪಾಲದ ದಾರಿ ಸಾಲದು ಎನಿಸಿತು. ಇಂಜಿನ್ ಚೆನ್ನಾಗಿ ಬಿಸಿಯಾಗಬೇಕು, ಏರು ಹತ್ತಬೇಕು. ಮುಂದಿನ ಭಾನುವಾರ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು, ಗಂಡನನ್ನು ಹಿಂದೆ ಕೂರಿಸಿಕೊಂಡು ಕಾರ್ಕಳಕ್ಕೆ ಹೊರಟೆ. ಪಡುಬಿದ್ರಿಯಲ್ಲಿ ಎಡಕ್ಕೆ ತಿರುಗಿ ಹೆದ್ದಾರಿ ಬಿಟ್ಟ ಮೇಲೆ ಇಬ್ಬರ ಕಿವಿಯೂ ಇಂಜಿನಿನ ಮೇಲೆ. ಬೆಳ್ಮಣ್ಣಿನಲ್ಲಿ ಗೋಳಿಬಜೆ ತಿನ್ನಲು ನಿಲ್ಲಿಸಿದಾಗ ಗಂಡ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಬಗ್ಗಿ ನೋಡಿದರು.

"ಹೇಗುಂಟು?"

"ಒಣಗಿದೆ. ಮಾತಾಡಬೇಡ, ದೃಷ್ಟಿ ಆದೀತು."

ಅಲ್ಲಿಂದ ಮುಂದೆ ನಾನು ಹೆದರಿಕೆ ಬಿಟ್ಟು ಓಡಿಸಿದೆ. ಗೇರು ಇಳಿಸದೆ ಏರುಗಳನ್ನು ಹತ್ತಿಸಿದೆ. ತೊಳೆದ ಹಾಗಿದ್ದ ರಸ್ತೆ, ಎರಡೂ ಬದಿ ನಾಟಿ ಮುಗಿದ ಗದ್ದೆ, ಕೆಳಗೆ ಒಂದೇ ಸಮನೆ ಗುಡುಗುವ ಇಂಜಿನು. ಹಿಂದೆ ಕುಳಿತವರು ನನ್ನ ಭುಜ ತಟ್ಟಿ ಏನೋ ಹೇಳಿದರು. ಗಾಳಿಯಲ್ಲಿ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಕಾರ್ಕಳದ ಆನೆಕೆರೆಯ ದಂಡೆಯಲ್ಲಿ ನಿಲ್ಲಿಸಿ, ಇಂಜಿನಿನ ಅಡಿಗೆ ಒಂದು ಪೇಪರು ಹಾಸಿ, ಎಳನೀರು ಕುಡಿದು, ಕೆರೆಯ ಸುತ್ತ ನಡೆದು ಬಂದೆವು. ಪೇಪರಿನ ಮೇಲೆ ಒಂದು ಎಲೆ ಬಿದ್ದಿತ್ತು. ಬೇರೆ ಏನೂ ಇರಲಿಲ್ಲ.

ವಾಪಸು ಬರುವಾಗ ಮನೆ ದಾಟಿ ನೇರ ಕಾಪುವಿಗೇ ಹೋದೆವು. ಮೆಕ್ಯಾನಿಕ್ ಇಂಜಿನಿನ ಅಡಿಗೆ ಕೈ ಹಾಕಿ ಸವರಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಕಣಜದ ಕಥೆ ಕೇಳಿ ಅವರೂ ನಕ್ಕರು.

"ಆ ಪೈಪನ್ನು ನಾನು ಮೊದಲೇ ನೋಡಬೇಕಿತ್ತು ಅಕ್ಕ," ಎಂದರು. ಆಮೇಲೆ ಅಂಗಡಿಯ ಮೂಲೆಯಲ್ಲಿ ಎಣ್ಣೆ ಹನಿಸುತ್ತ ನಿಂತಿದ್ದ ಇನ್ನೊಂದು ಗಾಡಿಯನ್ನು ತೋರಿಸಿದರು. "ಇದನ್ನು ನಾಳೆ ಬಿಚ್ಚುವುದು ಅಂತ ಇದ್ದೆ. ಅದಕ್ಕೆ ಮುಂಚೆ ನೀವು ಒಮ್ಮೆ ನೋಡುತ್ತೀರಾ?"

ಕೇಳಿದ್ದು ನನ್ನನ್ನು. ಗಂಡ ಹೆಲ್ಮೆಟ್ ತೆಗೆದು, ಅಲ್ಲಿದ್ದ ಸ್ಟೂಲನ್ನು ಎಳೆದು ಆರಾಮವಾಗಿ ಕುಳಿತರು. ನಾನು ಚೂಡಿದಾರದ ತೋಳು ಮಡಚಿ, ಒಂದು ಬ್ರಷ್ಷೂ ಸ್ವಲ್ಪ ಸೀಮೆಎಣ್ಣೆಯೂ ಬೇಕು ಎಂದೆ.