ಲಿಮಿಟೆಡ್ ಬಸ್ಸಿನಲ್ಲಿ ಒಂದು ಭರಣಿ

ಬೋರ್ಡಿನ ಮೇಲೆ ‘ಲಿಮಿಟೆಡ್’ ಎಂಬ ಮಾತು ಕಂಡರೆ ನನಗೆ ಈಗಲೂ ಒಣಶುಂಠಿಯ ವಾಸನೆ ಬರುತ್ತದೆ. ಹೀಗೆಂದು ಯಾರಿಗಾದರೂ ಹೇಳಿದರೆ ಅವರು ಒಮ್ಮೆ ನನ್ನ ಮುಖ ನೋಡಿ, ಮಾತು ಬೇರೆ ಕಡೆಗೆ ತಿರುಗಿಸುತ್ತಾರೆ. ನೀವಾದರೂ ಪೂರ್ತಿ ಕೇಳಿ. ಕೊಪ್ಪದಲ್ಲಿ ಪ್ಲೀಡರಿ ಮಾಡುವ ನನ್ನಂಥವನಿಗೆ ಕೊನೆಯವರೆಗೆ ಕೇಳುವವರು ಸಿಗುವುದು ಅಪರೂಪ. ಕೋರ್ಟಿನಲ್ಲಿ ಜಡ್ಜಿ ಸಾಹೇಬರು ಸಂಬಳಕ್ಕಾಗಿ ಕೇಳುತ್ತಾರೆ, ಅದೂ ಅರ್ಧ.

ಮೈಸೂರು ಸರ್ಕಾರ ಹೊಸ ಕಂಪನಿ ಕಾಯಿದೆ ತಂದಿದ್ದ ಕಾಲ. ಯುದ್ಧ ಇನ್ನೂ ನಮ್ಮ ಪೆಟ್ರೋಲಿಗೆ ಕೈ ಹಾಕಿರಲಿಲ್ಲ. ಬೆಂಗಳೂರಿನಿಂದ ಟಪಾಲಿನಲ್ಲಿ ತರಿಸಿಕೊಂಡ ಆ ಕಾಯಿದೆಯ ಪುಸ್ತಕ ದಿಂಬಿನಷ್ಟು ದಪ್ಪ ಇತ್ತು. ಒಂದೆರಡು ಮಧ್ಯಾಹ್ನ ಅದನ್ನು ದಿಂಬಾಗಿಯೂ ಉಪಯೋಗಿಸಿದ್ದೇನೆ. ಓದಿದೆ, ಮೆಚ್ಚಿದೆ. ತೊಂದರೆ ಎಂದರೆ, ಅದನ್ನು ಪ್ರಯೋಗಿಸಲು ಊರಿನಲ್ಲಿ ಒಂದು ಕಂಪನಿಯೂ ಇರಲಿಲ್ಲ. ನಮ್ಮ ಕಡೆ ಕಂಪನಿ ಎಂದರೆ ನಾಟಕದ ಕಂಪನಿ. ಅದು ಬರುತ್ತದೆ, ಹಾಡುತ್ತದೆ, ಒಂದು ದಿನ ಡೇರೆ ಕಿತ್ತುಕೊಂಡು ಹೋಗುತ್ತದೆ. ಕಾಯಿದೆ ಕೈಯಲ್ಲಿದೆ, ಕಂಪನಿ ಇಲ್ಲ. ಹೀಗಿರುವಾಗ ನನ್ನ ಕಣ್ಣು ಸಿದ್ದಪ್ಪನ ಮೇಲೆ ಬಿತ್ತು.

ಸಿದ್ದಪ್ಪ, ಹಳಬರು ಇನ್ನೂ ಎಡೇಹಳ್ಳಿ ಎನ್ನುವ ನರಸಿಂಹರಾಜಪುರದವನು. ವ್ಯಾಪಾರಸ್ಥರ ಮನೆತನ. ಕೊಪ್ಪಕ್ಕೆ ಬಂದು, ಜಯಪುರದ ಮೇಲೆ ಶೃಂಗೇರಿಗೆ ಹೋಗುವ ಒಂದು ಬಸ್ಸು ಇಟ್ಟಿದ್ದ. ಅದಕ್ಕೆ ಹೆಸರಿರಲಿಲ್ಲ, ಸಿದ್ದಪ್ಪನ ಬಸ್ಸು, ಅಷ್ಟೆ. ಡ್ರೈವರು ಬೇರೆ ಇದ್ದರೂ ಸಿದ್ದಪ್ಪ ದಿನಾ ಬಾಗಿಲ ಮೆಟ್ಟಿಲ ಮೇಲೆ ನಿಂತು ಹೋಗುತ್ತಿದ್ದ. ಜನ ಆ ಬಸ್ಸಿನಲ್ಲಿ ತಾವು ಹೋಗುವುದಕ್ಕಿಂತ ಹೆಚ್ಚಾಗಿ ಸಾಮಾನು ಕಳಿಸುತ್ತಿದ್ದರು. ಮಗಳಿಗೆ ಹಪ್ಪಳ, ಅಳಿಯನಿಗೆ ಕನ್ನಡಕ, ಪಾಠಶಾಲೆಯಲ್ಲಿ ಓದುವವನಿಗೆ ಪಂಚೆ, ಕೆಲವೊಮ್ಮೆ ಬರಿಯ ಮಾತು. ‘ಎಂತಾದ್ರೂ ಆದ್ರೆ ಸಿದ್ದಪ್ಪ?’ ಎಂದು ಕೇಳಿದರೆ, ‘ನಾನಿದ್ದೀನಲ್ಲ ಮಾರಾಯ್ರೆ’ ಎನ್ನುತ್ತಿದ್ದ. ರಶೀದಿ, ಇನ್ಶೂರೆನ್ಸ್, ಗ್ಯಾರಂಟಿ ಎಲ್ಲವೂ ಆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು.

ನರಸಿಂಹರಾಜಪುರದ ದಾರಿಗೂ ಒಂದು ಬಸ್ಸು ಬಿಡಬೇಕೆಂಬುದು ಅವನ ಆಸೆ. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ನಾಲ್ಕು ಜನ ಪಾಲು ಹಾಕಬೇಕು, ಹಾಕುವವರಿಗೆ ಭಯವಿರಬಾರದು. ನಾನು ನನ್ನ ದಿಂಬು ತೆರೆದೆ. ಕಂಪನಿ ಮಾಡಿದರೆ ಅದು ಕಾನೂನಿನ ಕಣ್ಣಿನಲ್ಲಿ ಬೇರೆಯೇ ಒಬ್ಬ ಮನುಷ್ಯ, ಅದರ ಸಾಲ ಅದಕ್ಕೆ, ನಿನ್ನ ಮನೆ ನಿನಗೆ ಎಂದು ವಿವರಿಸಿದೆ.

‘ಆ ಮನುಷ್ಯ ಎಲ್ಲಿರ್ತಾನೆ?’ ಎಂದ ಸಿದ್ದಪ್ಪ.

‘ಎಲ್ಲೂ ಇರಲ್ಲ. ಕಣ್ಣಿಗೆ ಕಾಣಲ್ಲ. ಹುಟ್ಟಿದ್ದಕ್ಕೆ ಸರ್ಟಿಫಿಕೇಟ್ ಇರುತ್ತೆ, ಮುಪ್ಪಿಲ್ಲ, ಸಾವಿಲ್ಲ’ ಎಂದೆ.

ಶೃಂಗೇರಿಯ ಆಸುಪಾಸಿನವರಿಗೆ ಇದೇನು ಹೊಸ ಮಾತಲ್ಲ. ನಿರಾಕಾರ, ನಿರ್ಗುಣ, ನಿತ್ಯ ಎಂದು ಅಲ್ಲಿ ಕಲ್ಲುಗಳೂ ಹೇಳುತ್ತವೆ. ಆದರೆ ಆ ನಿರಾಕಾರಕ್ಕೆ ವರ್ಷಕ್ಕೊಮ್ಮೆ ಸರ್ಕಾರಕ್ಕೆ ರಿಟರ್ನ್ ಕಳಿಸುವ ಕಾಟವಿಲ್ಲ. ನಮ್ಮ ನಿರಾಕಾರಕ್ಕೆ ಇತ್ತು. ಉದ್ದೇಶ ಹೇಳುವ ಮೆಮೊರಾಂಡಮ್ ಬರೆದೆ, ನಿಯಮ ಹೇಳುವ ಆರ್ಟಿಕಲ್ಸ್ ಬರೆದೆ, ಫಾರಂ ಮೇಲೆ ಫಾರಂ ತುಂಬಿ ಬೆಂಗಳೂರಿಗೆ ಕಳಿಸಿದೆ. ಕಂಪನಿಯ ಉದ್ದೇಶಗಳಲ್ಲಿ, ಮುಂದೆ ಬೇಕಾದೀತು ಎಂದು, ಹಡಗು ನಡೆಸುವುದನ್ನೂ ಸೇರಿಸಿದ್ದೆ. ತುಂಗೆಯಲ್ಲಿ ಹಡಗು! ರಿಜಿಸ್ಟ್ರಾರರ ಕಚೇರಿ ಅದಕ್ಕೂ ಚಕಾರ ಎತ್ತಲಿಲ್ಲ. ಸರ್ಟಿಫಿಕೇಟ್ ಬಂತು, ಸಿದ್ದಪ್ಪನ ಬಸ್ಸು ಕಂಪನಿಯ ಬಸ್ಸಾಯಿತು.

ಎಡವಟ್ಟಾದದ್ದು ಬೋರ್ಡಿನಲ್ಲಿ. ಕಂಪನಿಯ ಹೆಸರಿನ ಕೊನೆಗೆ ‘ಲಿಮಿಟೆಡ್’ ಇರಲೇಬೇಕು, ಅದು ಎಲ್ಲರಿಗೂ ಕಾಣಲೇಬೇಕು ಎನ್ನುತ್ತದೆ ಕಾಯಿದೆ. ರಿಜಿಸ್ಟರ್ಡ್ ಆಫೀಸು ಎಂದರೆ ಸಿದ್ದಪ್ಪನ ಮನೆಯ ಜಗಲಿ. ಆದರೆ ವ್ಯವಹಾರವೆಲ್ಲ ನಡೆಯುವುದು ಬಸ್ಸಿನಲ್ಲಿ ತಾನೆ ಎಂದು, ಎಚ್ಚರಿಕೆಗೆ, ಬಸ್ಸಿನ ಮೇಲೂ ಬರೆಸಿದೆ. ಶಿವಮೊಗ್ಗದಿಂದ ಬಂದ ಪೇಂಟರು ದೇವರ ಹೆಸರು, ಮೋಟಾರ್ ಸರ್ವಿಸ್ ಎಲ್ಲವನ್ನೂ ಇಕ್ಕಟ್ಟಾಗಿ ಬರೆದು, ಮಿಕ್ಕ ಜಾಗ ಬಹಳವಾಯಿತೆಂದು ‘ಲಿಮಿಟೆಡ್’ ಒಂದನ್ನೇ ಕೆಂಪು ಬಣ್ಣದಲ್ಲಿ ಮೊಳದುದ್ದ ಬರೆದ.

ನಮ್ಮ ಜನಕ್ಕೆ ‘ಲಿಮಿಟ್’ ಗೊತ್ತಿಲ್ಲದ ಮಾತಲ್ಲ. ಫಾರೆಸ್ಟ್ ಗಾರ್ಡು ಕಲಿಸಿದ್ದಾನೆ. ಲಿಮಿಟ್ ಕಲ್ಲಿನ ಆಚೆ ದನ ಹೋದರೆ ದೊಡ್ಡಿ, ಮನುಷ್ಯ ಸೌದೆಗೆ ಹೋದರೆ ದಂಡ. ಹಾಗಾಗಿ ಮೊದಲ ದಿನವೇ ಕಮ್ಮರಡಿ ಕಡೆಯ ಒಬ್ಬ ಅಜ್ಜಿ, ಕಾಡಂಚಿನಲ್ಲಿ ಕಲ್ಲು ಕಂಡ ಕೂಡಲೇ ಗಂಟು ಎತ್ತಿಕೊಂಡು ಇಳಿದುಬಿಟ್ಟಳು. ‘ಇಲ್ಲಿಂದಾಚೆ ಈ ಬಸ್ಸಿಗೆ ಹುಕುಂ ಇಲ್ವಂತಲ್ಲ, ಓದಿ ಹೇಳಿದ್ರು’ ಎಂದಳು. ಸಿದ್ದಪ್ಪ ಅವಳನ್ನು ಪುಸಲಾಯಿಸಿ ಹತ್ತಿಸಿಕೊಳ್ಳುವಷ್ಟರಲ್ಲಿ ಇನ್ನಿಬ್ಬರು ಇಳಿದಿದ್ದರು.

ಇಷ್ಟಕ್ಕೇ ಬಿಟ್ಟಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತು. ಜನರ ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಲು ನಾನು ಹೊರಟೆ. ಕಾಫಿ ಕ್ಲಬ್ಬಿನಲ್ಲಿ ಕೂತು, ಲಿಮಿಟೆಡ್ ಎಂದರೆ ಮಿತಿ ದಾರಿಗಲ್ಲ, ಹೊಣೆಗೆ; ಏನೇ ಆದರೂ ಪಾಲುದಾರರು ತಂತಮ್ಮ ಪಾಲಿನಷ್ಟಕ್ಕೆ ಮಾತ್ರ ಜವಾಬ್ದಾರರು ಎಂದು ಬಿಡಿಸಿ ಹೇಳಿದೆ. ಎಲ್ಲರಿಗೂ ಚೆನ್ನಾಗಿ ಅರ್ಥವಾಯಿತು. ಅದೇ ಆಪತ್ತಾದದ್ದು. ಮಿತಾಹಾರಿ ಎಂದರೆ ಹೊಗಳಿಕೆ. ಮಿತಭಾಷಿ ಎಂದರೂ ಹೊಗಳಿಕೆಯೇ, ನನಗೆ ಯಾರೂ ಹಾಗೆ ಅಂದಿಲ್ಲ, ಆ ಮಾತು ಬೇರೆ. ಆದರೆ ಹೊಣೆ ಮಿತ ಎಂದ ಕೂಡಲೇ ಮನಸ್ಸು ಮುದುಡಿಕೊಳ್ಳುತ್ತದೆ. ಜನ ಬಸ್ಸು ಹತ್ತುವುದನ್ನು ನಿಲ್ಲಿಸಲಿಲ್ಲ. ಬೇರೆ ಬಸ್ಸು ಎಲ್ಲಿದೆ? ಸಾಮಾನು ಕೊಡುವುದನ್ನು ನಿಲ್ಲಿಸಿದರು.

ಒಂದು ಸಂಜೆ ಸಿದ್ದಪ್ಪ ನನ್ನ ಮನೆಗೆ ಬಂದು ಕೂತ. ‘ಪ್ಲೀಡ್ರೆ, ಇವತ್ತು ಶೃಂಗೇರಿವರೆಗೂ ಖಾಲಿ ಕೈಲಿ ಹೋದೆ. ಒಂದು ಹಪ್ಪಳದ ಕಟ್ಟೂ ಕೊಡ್ಲಿಲ್ಲ ಯಾರೂ. ನಾನೇನು ಕಳ್ಳನಾ? ಆ ಕೆಂಪಕ್ಷರ ಅಳಿಸಿಬಿಡಿ ಮಾರಾಯ್ರೆ’ ಎಂದ. ಅಳಿಸುವ ಹಾಗಿಲ್ಲ, ಅಳಿಸಿದರೆ ದಿನದಿನಕ್ಕೂ ದಂಡ ಎಂದೆ. ಸಂಪಾದನೆ ಕಡಿಮೆಯಾಯಿತೆಂಬ ಬೇಸರ ಅವನದ್ದಲ್ಲ. ಆ ಪೊಟ್ಟಣಗಳಿಗೆ ಅವನು ಕಾಸು ತೆಗೆದುಕೊಳ್ಳುತ್ತಲೇ ಇರಲಿಲ್ಲ. ತನ್ನ ‘ನಾನಿದ್ದೀನಲ್ಲ’ ಯಾರಿಗೂ ಬೇಡವಾಯಿತಲ್ಲ ಎಂಬ ಸಂಕಟ. ಅವನು ಎದ್ದು ಹೋದ ಮೇಲೆ ನನಗೆ ಊಟ ಸೇರಲಿಲ್ಲ.

ಈ ಬಹಿಷ್ಕಾರ ನನ್ನ ಮನೆಯೊಳಗೂ ಬಂತು. ಶೃಂಗೇರಿಯಲ್ಲಿ, ನಮ್ಮತ್ತೆಯ ಮನೆಯಲ್ಲಿ, ನನ್ನ ಹೆಂಡತಿಯ ತಂಗಿ ಹೆತ್ತಿದ್ದಳು. ಬಾಣಂತಿಗೆಂದು ಹೆಂಡತಿ ಲೇಹ್ಯ ಕಾಯಿಸಿ ಪಿಂಗಾಣಿ ಭರಣಿಗೆ ತುಂಬಿದಳು. ಸಿದ್ದಪ್ಪನ ಕೈಲಿ ಕೊಡು ಎಂದೆ.

‘ಭರಣಿ ಒಡೆದ್ರೆ ಯಾರನ್ನ ಕೇಳ್ಲಿ?’

‘ಕಂಪನೀನ.’

‘ಕಂಪನಿ ಮನೆ ಎಲ್ಲಿ? ಅದ್ರ ಹೆಂಡ್ತಿ ಹೆಸ್ರು ಎಂತ? ಯಾರ ಜಗಲೀಲಿ ಕೂತು ನಾ ಅಳೋದು?’

ಎದುರು ಪಕ್ಷದ ಯಾವ ಪ್ಲೀಡರೂ ನನ್ನನ್ನು ಹೀಗೆ ಕಟ್ಟಿಹಾಕಿದ್ದಿಲ್ಲ. ನೀವೇ ತಗೊಂಡು ಹೋಗಿ ಎಂದು ತೀರ್ಪಾಯಿತು. ಮರುದಿನ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಬಾಗಿಲಲ್ಲಿ ನಿಂತ ಸಿದ್ದಪ್ಪ ಭರಣಿ ನೋಡಿದ, ನನ್ನನ್ನು ನೋಡಿದ, ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡ.

ಜಯಪುರ ದಾಟಿ ಸ್ವಲ್ಪ ದೂರ ಹೋಗಿರಬಹುದು, ಬಸ್ಸಿನ ಅಡಿಯಲ್ಲಿ ಫಟ್ ಎಂದಿತು. ಆಕ್ಸಲ್ ಮುರಿದು ಬಸ್ಸು ಒಂದು ಪಕ್ಕಕ್ಕೆ ಕುಸಿಯಿತು. ಯಾರಿಗೂ ಏನೂ ಆಗಲಿಲ್ಲ. ನಾನು ಮಾತ್ರ ಎದುರಿನ ಕಂಬಿ ಹಿಡಿಯಲು ಎರಡೂ ಕೈ ಚಾಚಿದೆ. ಭರಣಿ ಚೂರಾಯಿತು, ಬಸ್ಸಿನ ತುಂಬ ಒಣಶುಂಠಿಯ ವಾಸನೆ. ನಾನು ಅಭ್ಯಾಸಬಲದಿಂದ, ‘ಇದಕ್ಕೆ ಕಂಪನಿ ಹೊಣೆಯಲ್ಲ, ಇದು ನನ್ನ ಕೈಲಿದ್ದ ಸಾಮಾನು’ ಎಂದೆ.

ಸಿದ್ದಪ್ಪ ಸಿಟ್ಟಾದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ‘ಕಂಪನಿ ಮನೆ ಹಾಳಾಗ್ಲಿ! ಅಲ್ಲಿ ಬಾಣಂತಿ ಕಾಯ್ತಾ ಇಲ್ವಾ? ಲೇಹ್ಯಕ್ಕೆ ಎಂತೆಂತ ಹಾಕ್ತಾರೆ, ಅದನ್ನ ಹೇಳಿ’ ಎಂದ.

ನನಗೆ ಗೊತ್ತಿದ್ದದ್ದು ಮೆಮೊರಾಂಡಮ್ಮಿನ ಹಡಗಿನ ವಿಷಯ ಮಾತ್ರ. ಬಸ್ಸಿನಲ್ಲಿದ್ದ ಹೆಂಗಸರು ನೆರವಿಗೆ ಬಂದರು. ಹಿಪ್ಪಲಿ ಎಂದಳು ಒಬ್ಬಳು. ಹಿಪ್ಪಲಿ ಜಾಸ್ತಿಯಾದರೆ ಮಗುವಿಗೆ ಉಷ್ಣ ಎಂದಳು ಇನ್ನೊಬ್ಬಳು. ಓಮ ಬೇಕೋ ಬೇಡವೋ ಎಂಬಲ್ಲಿ ರಸ್ತೆ ಬದಿಯಲ್ಲೇ ಎರಡು ಪಕ್ಷವಾಯಿತು. ಮುರಿದ ಬಸ್ಸನ್ನು ಎಲ್ಲರೂ ಮರೆತರು. ಸಿದ್ದಪ್ಪ ಎರಡೂ ಪಕ್ಷದವರು ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡು ಜಯಪುರಕ್ಕೆ ವಾಪಸು ನಡೆದ. ಬಿಸಿಲು ಏರುವ ಹೊತ್ತಿಗೆ, ಹೆಗಲ ಮೇಲೆ ದಿನಸಿಯ ಗಂಟು, ಕೈಯಲ್ಲಿ ತುಪ್ಪದ ತಂಬಿಗೆ ಹಿಡಿದು, ನಮ್ಮೆದುರೇ ಹಾದು ಶೃಂಗೇರಿ ಕಡೆಗೆ ಹೊರಟ. ನಾನೂ ಬರುತ್ತೇನೆ ಎಂದು ಎದ್ದೆ. ಅವನು ನನ್ನ ಪಂಪ್ ಷೂ ನೋಡಿ, ‘ನೀವು ಕೂತ್ಕಳಿ ಪ್ಲೀಡ್ರೆ, ನಿಮ್ಮ ಕಾಲು ಲಿಮಿಟೆಡ್ಡು’ ಎಂದ. ಬಸ್ಸಿಗೆ ಬಸ್ಸೇ ನಕ್ಕಿತು.

ದೀಪ ಹಚ್ಚುವ ಹೊತ್ತಿಗೆ ಅವನು ಮುಟ್ಟಿದನಂತೆ. ನಮ್ಮತ್ತೆ ಅದೇ ದಿನಸಿಯಲ್ಲಿ ಲೇಹ್ಯ ಕಾಯಿಸಿದರು. ಓಮ ಹಾಕಿದರೋ ಬಿಟ್ಟರೋ, ಕೇಳಲು ನನಗೆ ಧೈರ್ಯವಾಗಲಿಲ್ಲ.

ರಿಪೇರಿಯಾಗಿ ಬಸ್ಸು ಮತ್ತೆ ಹೊರಟ ದಿನ ಕಾಫಿ ಕ್ಲಬ್ಬಿನ ಎದುರು ನಿಂತು ನೋಡಿದೆ. ಕೆಂಪಕ್ಷರ ಹಾಗೇ ಇತ್ತು. ಲಿಮಿಟ್ ಕಲ್ಲಿಗೆ ಹೆದರಿ ಇಳಿದಿದ್ದ ಅದೇ ಅಜ್ಜಿ ಬಂದು, ಹಪ್ಪಳದ ಕಟ್ಟೊಂದನ್ನು ಸಿದ್ದಪ್ಪನ ಕೈಗಿಟ್ಟು, ‘ಜೋಪಾನ ಮಾರಾಯ’ ಎಂದಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಎರಡೂ ಕೈ ತುಂಬಿ, ಕಣ್ಣು ಒರೆಸಿಕೊಳ್ಳಲೂ ಆಗದೆ ಸಿದ್ದಪ್ಪ ನಿಂತಿದ್ದ. ನನಗೆ ಬಹಳ ಸಂತೋಷವಾಯಿತು.

ಕಾಯಿದೆ ಮಾಡಿದವರನ್ನು ನಾನೇನೂ ದೂರುವುದಿಲ್ಲ. ನರಸಿಂಹರಾಜಪುರಕ್ಕೆ ಎರಡನೆಯ ಬಸ್ಸು ಓಡುತ್ತಿರುವುದು ಆ ಕೆಂಪಕ್ಷರದ ಬಲದಿಂದಲೇ. ಪಾಲು ಹಾಕಿದವರು ನೆಮ್ಮದಿಯಾಗಿ ಮಲಗಬೇಕಾದರೆ ಎಲ್ಲೋ ಒಂದು ಗೆರೆ ಬೇಕು. ಗೆರೆ ಎಳೆದ ಮೇಲೂ ಯಾರಾದರೊಬ್ಬ ಅದನ್ನು ದಾಟಿ ಬಂದು ‘ನಾನಿದ್ದೀನಲ್ಲ’ ಅನ್ನಬೇಕು. ಅದನ್ನು ಯಾವ ಫಾರಮ್ಮಿನಲ್ಲಿ ತುಂಬುವುದೋ ನನಗೆ ತಿಳಿಯದು.

ತಂಗಿಯ ಬಾಣಂತನ ಮುಗಿಯುವ ಮೊದಲು ಹೆಂಡತಿ ಇನ್ನೊಂದು ಭರಣಿ ಲೇಹ್ಯ ಮಾಡಿದಳು. ಕಾಫಿ ಕ್ಲಬ್ಬಿನ ಎದುರು ನಿಂತಿದ್ದ ಬಸ್ಸಿನ ತನಕ ನಾನೇ ಹೊತ್ತು ತಂದೆ. ಅವಳೂ ಜೊತೆಗೆ ಬಂದಳು. ಭರಣಿ ಸಮೇತ ಹತ್ತಲು ನಾನು ಕಾಲೆತ್ತಿದ್ದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದು ಸಿದ್ದಪ್ಪನಿಗೆ ಕೊಟ್ಟು, ‘ಶೃಂಗೇರಿ ಮುಟ್ಟೋ ತನಕ ಇವ್ರ ಕೈಲಿ ಮಾತ್ರ ಕೊಡ್ಬೇಡಿ ಸಿದ್ದಪ್ಪನವ್ರೆ’ ಎಂದಳು.

‘ನಾನಿದ್ದೀನಲ್ಲ ಅಕ್ಕ’ ಎಂದ ಅವನು.

ಅಂದಿನಿಂದ ನಮ್ಮ ಮನೆಯ ಭರಣಿಗಳ ವಿಷಯದಲ್ಲಿ ನನ್ನ ಹೊಣೆ ಕಾಫಿ ಕ್ಲಬ್ಬಿನ ಎದುರಿನವರೆಗೆ ಮಾತ್ರ. ಕೆಂಪಕ್ಷರದಲ್ಲಿ ಬೋರ್ಡು ಬರೆಸುವುದೊಂದು ಬಾಕಿ ಇದೆ.