ಹರಿಗೋಲು ನಡೆಸುವವಳ ಕತೆ

ಓದುತ್ತಿದ್ದ ದಪ್ಪ ಇಂಗ್ಲಿಷ್ ಕಾದಂಬರಿಯೊಂದನ್ನು ರಾವಂದೂರಿನ ತವರಲ್ಲಿ ಮರೆತು ಬಂದಿದ್ದೆ. ಹದವಾದ ಹೊಗೆಸೊಪ್ಪು ಪೇರಿಸಿಡುವ ಕೋಣೆಯಲ್ಲಿ ಅದು ಅಷ್ಟು ದಿನವೂ ಬಿದ್ದಿತ್ತಂತೆ. ತಮ್ಮ ಮೈಸೂರಿಗೆ ತಂದುಕೊಟ್ಟ ಮೇಲೆ ಬಿಚ್ಚಿದರೆ ಪುಟಪುಟವೂ ಸೊಪ್ಪಿನ ವಾಸನೆ... ಬೆಲ್ಲ ಸೀದ ಹಾಗೆ, ಸಿಹಿ ಮತ್ತು ಘಾಟು. ಓದಲು ಆಗಲಿಲ್ಲ. ಮೂಲೆಮನೆಯ ಚಿಕ್ಕಮ್ಮ ಎದುರಿಗೆ ಬಂದು ಕೂತಂತಾಯಿತು.

ಚಿಕ್ಕಮ್ಮ ನಮಗೆ ರಕ್ತಸಂಬಂಧಿಯಲ್ಲ. ಕೃಷ್ಣರಾಜನಗರದ ಕಡೆಯ ಹೊಳೆದಂಡೆಯ ಊರಿನಿಂದ ನಮ್ಮ ಬೀದಿಗೆ ಮದುವೆಯಾಗಿ ಬಂದವಳು. ಗಂಡ ಬೇಗ ತೀರಿಕೊಂಡ. ಅಕ್ಷರ ಕಲಿತವಳಲ್ಲ. ಆದರೆ ತೊಂಬತ್ತರ ದಶಕದ ಆ ದಿನಗಳಲ್ಲಿ, ಸೊಪ್ಪು ಕಟ್ಟುವ ಕಾಲ ಬಂತೆಂದರೆ ಎಲ್ಲ ಮನೆಯವರೂ ಅವಳನ್ನೇ ಮೊದಲು ಕರೆಯುತ್ತಿದ್ದರು, ಕತೆಗಾಗಿ.

ಹಸಿ ಎಲೆಗಳನ್ನು ಉದ್ದನೆಯ ಕಡ್ಡಿಗೆ ದಾರದಿಂದ ಕಟ್ಟಿ, ಬೆಂಕಿಯ ಕಾವಿನಲ್ಲಿ ಒಣಗಿಸುವ ಎತ್ತರದ ಮನೆಯೊಳಗೆ, ಅಂದರೆ ಬ್ಯಾರನ್ನಿನೊಳಗೆ, ಸಾಲಾಗಿ ತೂಗುಹಾಕಬೇಕು. ಬೆಳಗಿನಿಂದ ಸಂಜೆಯವರೆಗೆ ಕುಕ್ಕುರುಗಾಲಲ್ಲಿ ಕೂತು ಕಟ್ಟುವ ಕೆಲಸ. ಸೊಂಟ ಬಿದ್ದುಹೋಗುತ್ತದೆ, ಕೈ ಅಂಟಿನಿಂದ ಕರ್ರಗಾಗುತ್ತದೆ. ನಮ್ಮ ಬೀದಿಯ ಹೆಂಗಸರು ಇದಕ್ಕೊಂದು ಪದ್ಧತಿ ಮಾಡಿಕೊಂಡಿದ್ದರು. ಕತೆ ಹೇಳುವವಳು ಕೆಲಸ ಮಾಡುವಂತಿಲ್ಲ, ಅವಳ ಪಾಲಿನ ಕಡ್ಡಿಗಳನ್ನು ಉಳಿದವರು ಕಟ್ಟಬೇಕು. ಇನ್ನೊಂದು ಮಾತೂ ಇತ್ತು. ಕತೆಯನ್ನು ಅರ್ಧಕ್ಕೆ ನಿಲ್ಲಿಸಿ ಬ್ಯಾರನ್ನಿನ ಬಾಗಿಲು ಹಾಕಿದರೆ ಸೊಪ್ಪು ಕಪ್ಪಾಗುತ್ತದೆ ಎಂದು ಎಲ್ಲರೂ ನಂಬಿದ್ದರು.

ಚಿಕ್ಕಮ್ಮನ ಕತೆಗಳಲ್ಲಿ ಹಾವು ಮಾತಾಡುತ್ತಿತ್ತು, ಬೆಟ್ಟ ಎದ್ದು ನಡೆಯುತ್ತಿತ್ತು. ಒಂದು ವರ್ಷ ಅವಳು ಹೊಸದೊಂದು ಕತೆ ತೆಗೆದಳು. ರಾಜನ ಮಗಳೊಬ್ಬಳು ಅರಮನೆ ಬಿಟ್ಟು ಓಡುತ್ತಾಳೆ. ಏಳು ಹೊಳೆ ಅಡ್ಡ ಬರುತ್ತವೆ. ಹರಿಗೋಲು ನಡೆಸುವ ಹುಡುಗಿಯೊಬ್ಬಳು ಏಳನ್ನೂ ದಾಟಿಸುತ್ತಾಳೆ. ಒಂದೊಂದು ಹೊಳೆಯಲ್ಲೂ ಒಂದೊಂದು ರಾಕ್ಷಸ, ಒಂದೊಂದು ಗಂಡಾಂತರ. ಏಳನೆಯದನ್ನು ದಾಟುವ ಹೊತ್ತಿಗೆ ಒಬ್ಬಳನ್ನು ಬಿಟ್ಟು ಇನ್ನೊಬ್ಬಳು ಇರಲಾರಳು.

ನಾನಾಗ ಹೈಸ್ಕೂಲಿನಲ್ಲಿದ್ದೆ. ಕ್ಲಾಸಿನ ಗೆಳತಿಯೊಬ್ಬಳನ್ನು ನೋಡಿದರೆ ನನ್ನೆದೆ ಹೊಡೆದುಕೊಳ್ಳುತ್ತಿತ್ತು. ಅದಕ್ಕೆ ಹೆಸರೇನೆಂದು ಗೊತ್ತಿರಲಿಲ್ಲ, ಯಾರನ್ನೂ ಕೇಳುವಂತಿರಲಿಲ್ಲ. ಆ ಕತೆಯಲ್ಲಿ ಅವರಿಬ್ಬರ ಗತಿ ಏನಾಗುತ್ತದೋ ನನ್ನದೂ ಅದೇ ಎಂದು ಉಸಿರು ಬಿಗಿಹಿಡಿದು ಕೂತಿದ್ದೆ.

ಸಂಜೆಯಾಯಿತು. ಕೊನೆಯ ಕಡ್ಡಿಗಳು ಒಳಗೆ ಹೋಗುತ್ತಿದ್ದವು. ಚಿಕ್ಕಮ್ಮ ಹೇಳುತ್ತಿದ್ದವಳು ತಡೆದು ನಿಂತಳು.

"ಆಮೇಲೆ?" ಅಂದಳು ಅವ್ವ. "ಇಬ್ರೂ ಎಂಗಸ್ರೇ ಆದ್ರೆ ಕತೆ ಎಂಗ್ ಮುಗುದಾತು? ಬಾಗ್ಲು ಆಕೋ ಹೊತ್ತಾಯ್ತು ಕಣಮ್ಮಿ. ಯಾವ್ದಾದ್ರೂ ಒಂದ್ ದಾರಿ ಮಾಡಿ ಮದ್ವೆ ಮಾಡ್ಸ್‌ಬುಡು."

ಚಿಕ್ಕಮ್ಮ ಬ್ಯಾರನ್ನಿನ ಬಾಗಿಲನ್ನು ನೋಡಿದಳು. ಆಮೇಲೆ ಗಡಿಬಿಡಿಯಲ್ಲಿ ಹೇಳಿ ಮುಗಿಸಿದಳು. ಪಾರ್ವತಿ ಪ್ರತ್ಯಕ್ಷಳಾದಳು, ಹರಿಗೋಲಿನವಳ ತಲೆ ಮುಟ್ಟಿದಳು, ಅವಳು ಗಂಡಾದಳು, ಮದುವೆಯಾಯಿತು. ಹೆಂಗಸರೆಲ್ಲ ಸಮಾಧಾನದಿಂದ ಎದ್ದು ಸೊಂಟ ನೀವಿಕೊಂಡರು. ಬಾಗಿಲು ಹಾಕಿದರು. ನನಗೆ ಅಳು ತಡೆಯಲಾಗಲಿಲ್ಲ. "ಅಂಟು ಕೈಲಿ ಕಣ್ಣುಜ್ಕಂಡ್ಯಾ, ಮಂಕೇ?" ಎಂದು ಅವ್ವ ಬೈದಳು. ಹೂಂ ಅಂದೆ.

ಚಿಕ್ಕಮ್ಮ ನಂಬಲಿಲ್ಲ. ತೊಟ್ಟಿಯ ಹತ್ತಿರ ಅವಳು ನನ್ನ ಕೈಗೆ ಬೂದಿ ಹಾಕಿ ಉಜ್ಜುತ್ತಿದ್ದಾಗ ನಾನೇ ಕೇಳಿದೆ, "ಅವಳು ಗಂಡಾಗದೆ ಇದ್ದಿದ್ರೆ ಏನಾಗ್ತಿತ್ತು ಚಿಕ್ಕಮ್ಮ?"

"ಏನೂ ಆಯ್ತಿರ್ನಿಲ್ಲ ಕಣವ್ವ" ಅಂದಳು. "ಅವ್ಳು ಅಂಗೇ ಅರಿಗೋಲು ನಡುಸ್ತಿದ್ಲು. ಇವ್ಳು ದಡದಾಗೆ ಕಾಯ್ಕಂಡು, ಅವ್ಳು ಬಂದ್ಮೇಲೆ ಮುದ್ದೆ ಇಕ್ತಿದ್ಲು. ನಮ್ಮೂರ್ ಒಳೆ ದಾಟೋ ಕಡವ್ನಾಗೆ ಒಬ್ಳಿದ್ಲು, ಅರಿಗೋಲು ಆಕೋಳು. ನನ್ ಮದ್ವೆ ದಿಬ್ಬಣಾನೂ ಅವ್ಳೇ ದಾಟ್ಸಿದ್ದು. ನನ್ ಮಕ ನೋಡ್ನಿಲ್ಲ..."

ಅಷ್ಟಕ್ಕೇ ನಿಲ್ಲಿಸಿದಳು. ಕತೆ ಯಾರದೆಂದು ನನಗೆ ತಿಳಿಯಿತು. ಅವಳು ನನ್ನ ಕೈಗೆ ನೀರು ಹೊಯ್ದು ಅಂದಳು, "ನೀನು ಓದೋಳು. ಅವ್ಳು ಗಂಡಾಗ್ದಲೇ ಮುಗ್ಯೋ ಕತೆ ಯಾವ್ ಪುಸ್ತಕದಾಗಾದ್ರೂ ಸಿಕ್ಕುದ್ರೆ ಬಂದು ನಂಗೂ ಯೋಳು. ನಿನ್ ಪಾಲಿನ್ ಕಡ್ಡಿ ನಾ ಕಟ್ತೀನಿ."

ನಾನು ಹುಡುಕುತ್ತಲೇ ಇದ್ದೆ. ಓದಿದೆ, ಮೈಸೂರು ಸೇರಿದೆ, ಲೈಬ್ರರಿಗಳಲ್ಲಿ ಧೂಳು ಕುಡಿದೆ. ಸಿಕ್ಕ ಕತೆಗಳಲ್ಲಿ ಇಬ್ಬರಲ್ಲಿ ಒಬ್ಬಳು ಸಾಯುತ್ತಿದ್ದಳು, ಇಲ್ಲವೇ ಬುದ್ಧಿ ಬಂದು ಗಂಡನ ಮನೆಗೆ ಹೋಗುತ್ತಿದ್ದಳು. ಅದನ್ನು ಹೇಳಲು ಊರಿಗೆ ಯಾಕೆ ಹೋಗಲಿ? ಆ ನಡುವೆ ಒಂದು ದಿನ ಅವ್ವ ಫೋನಿನಲ್ಲಿ, ಮೂಲೆಮನೆಯ ಚಿಕ್ಕಮ್ಮ ಹೋಗಿಬಿಟ್ಟಳು ಅಂದಳು...

ನಿನ್ನೆ ಆ ವಾಸನೆಯ ಪುಸ್ತಕವನ್ನು ಮತ್ತೆ ಹಿಡಿದೆ. ಕಲ್ಪನೆಯ ಲೋಕವೊಂದು, ಬಗೆಬಗೆಯ ಮೈಬಣ್ಣದ ಜನ, ಲೆಕ್ಕವಿಲ್ಲದಷ್ಟು ದೇವರುಗಳು. ಯುದ್ಧದ ಪುಟಗಳನ್ನು ಹಾರಿಸಿದೆ, ನನಗೆ ಅದಕ್ಕೆಲ್ಲ ತಾಳ್ಮೆಯಿಲ್ಲ. ಗಾಳಿಯನ್ನು ಕರೆಯಬಲ್ಲ ರಾಣಿ, ಅವಳಿಗೆ ಕತ್ತಿ ಬಡಿದುಕೊಡುವ ಕಮ್ಮಾರ ಹೆಂಗಸು, ಅವರಿಬ್ಬರ ಪ್ರೀತಿ. ಅಷ್ಟಕ್ಕೇ ಅಂಟಿಕೊಂಡು ಓದಿದೆ. ಕೊನೆ ಹತ್ತಿರವಾದಂತೆ ಪುಟ ತಿರುಗಿಸುವುದು ನಿಧಾನವಾಯಿತು. ಅಷ್ಟೊಂದು ದೇವರುಗಳಲ್ಲಿ ಒಬ್ಬರಾದರೂ ಬಂದು ಕಮ್ಮಾರ ಹೆಂಗಸಿನ ತಲೆ ಮುಟ್ಟಿಯೇ ತೀರುತ್ತಾರೆ ಎಂದು ಪುಟಪುಟಕ್ಕೂ ಹೆದರಿದೆ. ಯಾರೂ ಬರಲಿಲ್ಲ. ಇಬ್ಬರೂ ಹೆಂಗಸರಾಗಿಯೇ ಉಳಿದರು. ಒಲೆ ಹಚ್ಚಿದರು, ಉಂಡರು. ಕತೆ ಮುಗಿಯಿತು.

ಆ ಕೊನೆಯ ಪುಟವನ್ನು ನಮ್ಮೂರ ಮಾತಿನಲ್ಲಿ ಗಟ್ಟಿಯಾಗಿ ಹೇಳಿದೆ. ನನ್ನ ಜೊತೆ ಬಾಳುವವಳು ಅಡುಗೆಮನೆಯಿಂದ ಇಣುಕಿ, "ಯಾರಿಗೆ ಹೇಳ್ತಿದ್ದೀಯೇ?" ಅಂದಳು. ನಾನು ಪುಸ್ತಕ ಮುಚ್ಚಿ ಮೂಗಿಗೆ ಒತ್ತಿಕೊಂಡೆ.

ಕತೆ ಸಿಕ್ಕಿತು ಚಿಕ್ಕಮ್ಮ. ಹೇಳಿದ್ದೂ ಆಯಿತು. ನನ್ನ ಪಾಲಿನ ಕಡ್ಡಿ ಕಟ್ಟಲು ನೀನಿಲ್ಲ.